ಗೇಟಿನಲ್ಲಿ ಕೊಟ್ಟ ಹಗ್ಗಗಳು

ಹೊಳೆ ಊರೊಳಕ್ಕೆ ಬಂದ ವರ್ಷ ನಮ್ಮ ಕೊಟ್ಟಿಗೆ ಖಾಲಿ ಇತ್ತು. ನಿಮ್ಮ ತಾತ ಹೋದ ಮೇಲೆ ಹಸು ನೋಡಿಕೊಳ್ಳುವ ಶಕ್ತಿ ನನಗೂ ಇರಲಿಲ್ಲ, ನಿಮ್ಮ ದೊಡ್ಡಜ್ಜಿಗೂ ಇರಲಿಲ್ಲ. ಒಂದೊಂದಾಗಿ ನಮ್ಮವರ ಮನೆಗಳಿಗೇ ಕೊಟ್ಟುಬಿಟ್ಟಿದ್ದೆವು. ಗೋದಲಿಯಲ್ಲಿ ದೊಡ್ಡಜ್ಜಿ ತೆಂಗಿನ ಗರಿ, ಸೌದೆ ಒಟ್ಟಿದ್ದಳು. ಗೋಡೆಯ ಗೂಟಕ್ಕೆ ನಿಮ್ಮ ತಾತ ಕತ್ತಾಳೆ ನಾರಿನಿಂದ ಹೊಸೆದಿಟ್ಟ ಹಗ್ಗಗಳ ಕಟ್ಟು ಮಾತ್ರ ಹಾಗೇ ತೂಗುತ್ತಿತ್ತು. ಹೊಸವು, ಯಾವ ಕೊರಳಿಗೂ ಹಾಕದವು. ಅವರಿಗೆ ಸುಮ್ಮನೆ ಕೂರಲು ಬರುತ್ತಿರಲಿಲ್ಲ. ಮಾತಾಡುತ್ತಾ ಹಗ್ಗ ಹೊಸೆಯುತ್ತಿದ್ದರು.

ದೊಡ್ಡಜ್ಜಿ ಎಂದರೆ ನಿಮ್ಮ ತಾತನ ಅಣ್ಣನ ಹೆಂಡತಿ, ನನಗೆ ವಾರಗಿತ್ತಿ. ನಾನು ಅಕ್ಕ ಎನ್ನುತ್ತೇನೆ. ನನ್ನ ತಲೆ ನರೆತರೂ ಅವಳಿಗೆ ನಾನು ಇನ್ನೂ ಹುಡುಗಿಯೇ. ನಾನು ಮದುವೆಯಾಗಿ ಈ ಮನೆಗೆ ಬಂದಾಗ ಅಂಗಡಿಯಲ್ಲಿ ಬೇಕಾದ್ದನ್ನು ಬೆರಳು ತೋರಿಸಿ ಕೇಳುತ್ತಿದ್ದೆ, ಬಾಯಿ ಬಿಡುತ್ತಿರಲಿಲ್ಲ. ಮನೆಯಲ್ಲಿ ನಮ್ಮ ಕನ್ನಡ, ಬೀದಿಯಲ್ಲಿ ತಮಿಳು. ಎರಡರಲ್ಲೂ ನನಗೆ ನಾಚಿಕೆ ಒಂದೇ ಸಮ. ಹೊರಗಿನ ಮಾತೆಲ್ಲ ಮೊದಲು ನಿಮ್ಮ ತಾತ ಆಡಿದರು, ಆಮೇಲೆ ಅಕ್ಕ ಆಡಿದಳು. ನಿಮಗೆ ನಮ್ಮ ಮಾತು ಕೇಳಿದರೆ ತಿಳಿಯುತ್ತದೆ, ಆಡಲು ಹೋದರೆ ತಮಿಳು ಬರುತ್ತದೆ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ. ಎದುರು ಕೂತು ಹೇಳು ಎಂದರೆ ನನಗೂ ಬಾರದು.

ದೀಪಾವಳಿ ಹತ್ತಿರ ಬಂದಿತ್ತು. ತಮಿಳರ ಐಪ್ಪಸಿ ತಿಂಗಳ ಮಳೆ ಹಿಡಿದದ್ದು ಬಿಟ್ಟಿರಲಿಲ್ಲ. ಇಲ್ಲಿ ಸುರಿದದ್ದಕ್ಕಿಂತ ಮಲೆಯ ಮೇಲೆ ಹೆಚ್ಚು ಸುರಿಯಿತಂತೆ. ಬೆಳಗ್ಗೆ ಹಾಲಿನವನು ಬರಲಿಲ್ಲವಲ್ಲ ಎಂದು ಮಹಡಿ ಹತ್ತಿ ನೋಡಿದರೆ ಗದ್ದೆಗಳೇ ಇರಲಿಲ್ಲ. ಕೆಂಪು ನೀರು ಉತ್ತಮಪಾಳಯದ ರಸ್ತೆಯವರೆಗೂ ಹಾಸಿಕೊಂಡಿತ್ತು. ಬಾಳೆ ತೋಟದಲ್ಲಿ ಎಲೆಯ ತುದಿಗಳಷ್ಟೇ ಕಾಣುತ್ತಿದ್ದವು. ಸದ್ದು ಹೇಗಿತ್ತೆಂದರೆ, ದೂರದಲ್ಲಿ ಲಾರಿಗಳು ಸಾಲಾಗಿ ಹೋಗುತ್ತಲೇ ಇರುವ ಹಾಗೆ.

ನಮ್ಮ ಬೀದಿ ಎತ್ತರದ ಮೇಡಿನಲ್ಲಿದೆ, ನೀರು ಬರುವುದಿಲ್ಲ. ಹೊಳೆದಂಡೆಯ ಬೀದಿ ಮುಳುಗಿತ್ತು. ನಮ್ಮ ಗದ್ದೆಗಳಲ್ಲಿ ನಾಟಿ ಹಾಕುವವರು, ದ್ರಾಕ್ಷಿ ತೋಟದಲ್ಲಿ ಕೆಲಸ ಮಾಡುವವರು, ತೆಂಗಿನಕಾಯಿ ಸುಲಿಯುವವರು ಇದ್ದದ್ದು ಅಲ್ಲಿ. ತಲೆಯ ಮೇಲೆ ಗಂಟು, ಕಂಕುಳಲ್ಲಿ ಮಕ್ಕಳು, ಕೈಯಲ್ಲಿ ಮೇಕೆಯ ಹಗ್ಗ, ಹೀಗೆ ಅವರು ಮೇಡು ಹತ್ತಿ ಬಂದರು. ನಮ್ಮ ಬೀದಿಯವರು ಅವರಿಗೆ ಶಾಲೆಯ ಬೀಗ ತೆಗೆಸಿಕೊಟ್ಟರು. ಮನುಷ್ಯರು ಒಳಗೆ, ಪ್ರಾಣಿಗಳು ಹೊರಗೆ ಎಂದರು. ಕೋಣೆಗಳು ಚಿಕ್ಕವು, ಹಸುಗೂಸುಗಳಿದ್ದವು, ಹಾಗೆ ಹೇಳಿದ್ದು ತಪ್ಪೆಂದು ನನಗೆ ಆಗಲೂ ಅನಿಸಲಿಲ್ಲ. ಆದರೆ ಶಾಲೆಯ ಗೋಡೆಗೆ ಒತ್ತಿಕೊಂಡು ಮಳೆಯಲ್ಲಿ ನಿಂತ ಮೇಕೆಗಳು, ಕುಕ್ಕೆಯೊಳಗಿನ ಕೋಳಿಗಳು, ಅವುಗಳ ಪಕ್ಕದಲ್ಲೇ ಒಳಕ್ಕೆ ಹೋಗದೆ ನೆನೆಯುತ್ತ ನಿಂತ ಹೆಂಗಸರು, ಎಲ್ಲ ಮಹಡಿಯಿಂದ ಕಾಣುತ್ತಿತ್ತು.

ಕೊಟ್ಟಿಗೆ ಖಾಲಿ ಇದೆಯಲ್ಲ ಎಂದು ಅಕ್ಕನಿಗೆ ಹೇಳಿದೆ.

“ಇದೆ. ಹೋಗಿ ಕರೀತೀಯಾ ನೀನು?” ಎಂದಳು. ನಾನು ಹೋಗುವುದಿಲ್ಲ ಎಂದು ಅವಳಿಗೆ ಗೊತ್ತು. ಉತ್ತರಕ್ಕೆ ಕಾಯದೆ ತಲೆಗೆ ಗೋಣಿಚೀಲ ಮುಚ್ಚಿಕೊಂಡು ಇಳಿದು ಹೋದಳು.

ಬಂದವು. ಮೇಕೆಗಳು, ಒಂದು ಎಮ್ಮೆಕರು, ಅಕ್ಕಿಚೀಲದೊಳಗೆ ಕಟ್ಟಿ ತಂದ ಬೂದು ಬೆಕ್ಕು, ಬಕೆಟ್ಟಿನಲ್ಲಿ ಎರಡು ಮೊಲ. ಯಾರದೋ ಟರ್ಕಿ ಕೋಳಿ ಬಂದ ಗಳಿಗೆಯಿಂದ ಎದೆಯುಬ್ಬಿಸಿ, ಕೊಟ್ಟಿಗೆಯ ಪಟ್ಟಾ ತನ್ನ ಹೆಸರಿನಲ್ಲೇ ಇರುವ ಹಾಗೆ ಓಡಾಡಿತು. ದೊಡ್ಡಜ್ಜಿ ಅದನ್ನು ನೋಡಿ, ನಮ್ಮ ಮಾವನವರು ಮತ್ತೆ ಹುಟ್ಟಿ ಬಂದಿದ್ದಾರೆ ಎಂದಳು. ನನಗೆ ನಗು ಬಂತು. ಅವತ್ತು ನಕ್ಕದ್ದು ಅದೊಂದೇ ಸಲ.

ಎಲ್ಲರಿಗಿಂತ ಕೊನೆಗೆ ಬಂದದ್ದು ಆ ನಾಯಿ.

ಅದನ್ನು ಹಿಡಿದು ತಂದವರು ಹೊಳೆದಂಡೆಯ ತೆಂಗಿನ ತೋಟವೊಂದರ ಕಾವಲುಗಾರರು. ವಯಸ್ಸಾದವರು. ತೋಟದಲ್ಲೇ ಗುಡಿಸಲು ಹಾಕಿಕೊಂಡು ಗಂಡ ಹೆಂಡತಿ ಇದ್ದರು. ಆ ಹೆಂಗಸನ್ನು ನಾನು ನೋಡಿದ್ದೆ. ಎಳನೀರು ತಂದುಕೊಡುವಾಗ ಗೇಟಿನ ಹೊರಗಿಂದಲೇ ನಗುತ್ತಿದ್ದರು, ನಾನೂ ಒಳಗಿಂದ ನಗುತ್ತಿದ್ದೆ, ಮಾತಾಡಿದ್ದಿಲ್ಲ. ಅವತ್ತು ಅವರು ಜೊತೆಗಿರಲಿಲ್ಲ. ಹೊಳೆ ಕೊಂಡುಹೋಗಿದೆ ಎಂದು ಹಿಂದೆ ಬಂದವರು ಮೆಲ್ಲಗೆ ಹೇಳಿದರು. ಆತನ ಮೈಮೇಲೆ ಒದ್ದೆ ಪಂಚೆ ಒಂದೇ. ಅಕ್ಕ ಒಣಗಿದ ಟವೆಲು ಕೊಟ್ಟರೆ ಅದನ್ನು ನಾಯಿಯ ಮೇಲೆ ಹಾಕಿದರು.

ಕಂದು ಬಣ್ಣದ ಹೆಣ್ಣುನಾಯಿ, ಮೂತಿ ಕಪ್ಪು. ಮೈಯೆಲ್ಲ ಕೆಸರು. ಕೊರಳಲ್ಲಿ ಹಗ್ಗ, ಹಗ್ಗದ ತುದಿ ನೆಲದ ಮೇಲೆ ಎಳೆಯುತ್ತಿತ್ತು.

ಇಲ್ಲಿ ನಿಮಗೊಂದು ಪದ್ಧತಿ ಹೇಳಬೇಕು. ನೀವು ಪಟ್ಟಣದಲ್ಲಿ ಬೆಳೆದವರು, ನೋಡಿರಲಿಕ್ಕಿಲ್ಲ. ನಮ್ಮವರು ದನ ಮಾರಿದರೆ ಹಗ್ಗ ಮಾರುವುದಿಲ್ಲ. ಕೊಂಡವನು ತನ್ನ ಹಗ್ಗ ತರುತ್ತಾನೆ. ಅದನ್ನು ಕಟ್ಟಿ, ಹಳೆಯದನ್ನು ಬಿಚ್ಚಿ, ಎರಡು ಕೈಯಲ್ಲಿ ಮಾರಿದವನಿಗೆ ಹಿಂದಕ್ಕೆ ಕೊಡುತ್ತಾನೆ. ಮನೆಯ ಸಿರಿ ಹಗ್ಗದಲ್ಲಿ ಇರುತ್ತದೆ, ಅದು ಮನೆ ಬಿಟ್ಟು ಹೋಗಬಾರದು ಎಂದು. ಹಾಗೆಯೇ ಇನ್ನೊಬ್ಬರ ಮನೆಯ ಹಗ್ಗ ನಮ್ಮ ಕೊಟ್ಟಿಗೆಯಲ್ಲಿ ಉಳಿಯಬಾರದು. ನಮ್ಮ ಅತ್ತೆ ಇದನ್ನು ದೊಡ್ಡಜ್ಜಿಗೆ ಕಲಿಸಿದ್ದರು. ದೊಡ್ಡಜ್ಜಿ ಬೇರೆ ಎಷ್ಟೋ ಬಿಟ್ಟಿದ್ದಾಳೆ, ಇದನ್ನು ಬಿಟ್ಟವಳಲ್ಲ.

ಅಲ್ಲದೆ ಅವತ್ತು ಬಂದ ಹಗ್ಗಗಳು ನೀರು ಕುಡಿದು ಬಿಗಿದಿದ್ದವು. ಎಮ್ಮೆಕರುವಿನ ಕೊರಳು ಆಗಲೇ ಕೆಂಪಗೆ ಸುಲಿದಿತ್ತು. ಒಣಗುತ್ತ ಹೋದರೆ ಗಂಟು ಇನ್ನೂ ಬಿಗಿಯುತ್ತದೆ. ದೊಡ್ಡಜ್ಜಿ ಗೂಟದಿಂದ ನಿಮ್ಮ ತಾತನ ಹಗ್ಗಗಳನ್ನು ಇಳಿಸಿದಳು. ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಇಬ್ಬರೂ ಕೂತು ಒಂದೊಂದು ಕೊರಳಿನ ಹಗ್ಗ ಬಿಚ್ಚಿ ಹೊಸತು ಕಟ್ಟಿದೆವು. ಹಳೆಯದನ್ನು ಅವಳು ಹಿಂಡಿ, ಸುತ್ತಿ, ಗೇಟಿನ ಹತ್ತಿರ ನಿಂತಿದ್ದವರ ಕೈಗೆ ಕೊಟ್ಟಳು. ಮರ್ಯಾದೆಯಿಂದ, ಎರಡು ಕೈಯಲ್ಲೇ ಕೊಟ್ಟಳು. ನಾಯಿಯನ್ನೂ ಬಿಡಲಿಲ್ಲ. ಆತ ಹಗ್ಗ ತೆಗೆದುಕೊಂಡು ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ನಾಯಿಯ ಕಡೆ ತಿರುಗದೆ ಹೋದರು. ಆ ದುಃಖದಲ್ಲಿ ಮನುಷ್ಯ ಏನು ನೋಡುತ್ತಾನೆ ಬಿಡು ಎಂದುಕೊಂಡೆ.

ನೀರು ಇಳಿಯಲು ತಡವಾಯಿತು. ಇಳಿದ ಮೇಲೆ ಮನೆಗಳ ತುಂಬ ಕೆಸರು. ಗೋಡೆ ಕುಸಿದವು ಎಷ್ಟೋ. ಗದ್ದೆಗಳಲ್ಲಿ ತೆನೆ ಬಿಟ್ಟ ಭತ್ತ ಮಲಗಿ ಕೊಳೆತ ವಾಸನೆ ಊರಿಗೆಲ್ಲ ಬರುತ್ತಿತ್ತು. ಹೊಳೆಯ ಗುಂಟ ಕೆಳಗೆ ಚಿನ್ನಮನೂರಿನವರೆಗೂ ಆ ಹೆಂಗಸಿಗಾಗಿ ಹುಡುಕಿದರು. ಸಿಗಲಿಲ್ಲ. ಆಮೇಲೆ ಹುಡುಕುವುದನ್ನು ನಿಲ್ಲಿಸಿದರು.

ನಮಗೆ ಕೊಟ್ಟಿಗೆಯ ಕೆಲಸವೇ ಆಗಿತ್ತು. ಸೆಗಣಿ, ಹಿಕ್ಕೆ ಬಾಚುವುದು, ಸೊಪ್ಪು ತರಿಸುವುದು, ಬೆಕ್ಕಿಗೂ ಮೊಲಕ್ಕೂ ನಡುವೆ ಕಾವಲು ಇರುವುದು. ಒಂದು ಮೊಲ ಸತ್ತಿತು. ಒಂದು ಮೇಕೆಗೆ ಭೇದಿ ಹತ್ತಿ ಅದೂ ಸತ್ತಿತು. ಯಾರೂ ತಮ್ಮ ಪ್ರಾಣಿಯನ್ನು ನೋಡಲು ಬರುತ್ತಿಲ್ಲ ಎಂಬುದು ನನ್ನ ಕಣ್ಣಿಗೆ ಬಿದ್ದಿತ್ತು. ಕೆಸರು ಬಾಚುತ್ತಿದ್ದಾರೆ, ಪುರುಸೊತ್ತಿಲ್ಲ ಎಂದುಕೊಂಡೆ. ಮೇಕೆ ಸತ್ತ ಸುದ್ದಿಯನ್ನು ಅಕ್ಕ ಹೇಳಿ ಕಳಿಸಿದರೆ ಅದರ ಮನೆಯವರು ಆಗಲಿ ಎಂದಷ್ಟೇ ಹೇಳಿದರಂತೆ. ಅಕ್ಕನಿಗೆ ಸಿಟ್ಟು ಬಂತು. “ಎಂಥ ಕಲ್ಲುಮನಸ್ಸಿನ ಜನ ನೋಡು ಹುಡುಗಿ. ನಾವು ಇಲ್ಲಿ ಹಿಕ್ಕೆ ಬಳಿದು ಸಾಯ್ತಿದ್ದೀವಿ” ಎಂದಳು.

ನಾಯಿ ತಿನ್ನಲಿಲ್ಲ. ಅನ್ನ ಮೊಸರು ಇಟ್ಟೆ, ಮುದ್ದೆ ಕಿವುಚಿ ಇಟ್ಟೆ. ನಮ್ಮ ಮನೆಯೊಳಗೆ ಮೊಟ್ಟೆ ಬೇಯಿಸುವುದಿಲ್ಲ, ಹಿತ್ತಲಲ್ಲಿ ಕಲ್ಲು ಹೂಡಿ ಬೇಯಿಸಿ ಇಟ್ಟೆ. ಮೂಸಿ ಮುಖ ತಿರುಗಿಸುತ್ತಿತ್ತು. ನೀರು ಒಂದಿಷ್ಟು ನೆಕ್ಕುತ್ತಿತ್ತು. ಬೊಗಳಲಿಲ್ಲ, ಅಳಲಿಲ್ಲ. ಗೇಟು ಸದ್ದಾದರೆ ಕಿವಿ ನಿಮಿರಿಸಿ ನೋಡುತ್ತಿತ್ತು, ಬಂದವರು ಯಾರೆಂದು ಕಂಡ ಮೇಲೆ ತಲೆ ಮತ್ತೆ ನೆಲಕ್ಕೆ. ದನದ ಆಸ್ಪತ್ರೆಯ ಡಾಕ್ಟರಮ್ಮ ಬಂದು ಗ್ಲೂಕೋಸು ಏರಿಸಿದರು. ಹೊಳೆ ನೀರು ಎದೆಯೊಳಗೆ ಇಳಿದಿದೆ, ಸೂಜಿ ಹಾಕಿದ್ದೇನೆ, ಆದರೆ ಇದು ಬಾಯಿಂದ ತಿಂದರೆ ಮಾತ್ರ ಉಳಿಯುತ್ತದೆ ಎಂದರು. ಮನೆಯವರನ್ನು ಕರೆಸಿ, ಅವರ ಕೈಯಲ್ಲಿ ತಿನ್ನಬಹುದು ಎಂದೂ ಹೇಳಿ ಹೋದರು.

ಕರೆಸಲು ನಾನು ಅಕ್ಕನಿಗೆ ಹೇಳುವ ಮೊದಲೇ ಇನ್ನೊಂದಾಯಿತು. ಬಂದಿದ್ದ ಮೇಕೆಗಳಲ್ಲಿ ಒಂದು ಗಬ್ಬವಾಗಿತ್ತು. ಅದು ಎರಡು ಮರಿ ಹಾಕಿತು. ಒಡತಿ ದ್ರಾಕ್ಷಿ ತೋಟದ ಕೆಲಸದವಳು, ನಿಮ್ಮ ಅತ್ತೆಯ ವಯಸ್ಸು. ಸುದ್ದಿ ಕೇಳಿ ಬಂದಳು. ಬಂದವಳು ಗೇಟಿನ ಹೊರಗೇ ನಿಂತು ಸಂದಿನಿಂದ ನೋಡುತ್ತಿದ್ದಳು. ಅಕ್ಕ ಗದ್ದೆಯ ಕಡೆ ಹೋಗಿದ್ದಳು, ನಾನೇ ಮಾತಾಡಬೇಕಾಯಿತು. ಒಳಗೆ ಬಾಮ್ಮ ಎಂದೆ. ಇರಲಿ, ಇಲ್ಲಿಂದಲೇ ನೋಡಿ ಹೋಗುತ್ತೇನೆ ಎಂದಳು. ನಾನಾದರೆ ಹಾಗೆ ಹೊರಗೆ ನಿಲ್ಲುತ್ತೇನೆ, ಇವಳು ಬಾಯಿ ಇರುವವಳು, ಇವಳಿಗೇನಾಯಿತು ಎನಿಸಿತು.

“ನಿನ್ನ ಮೇಕೆ. ಕಳ್ಳಿಯ ಹಾಗೆ ಯಾಕೆ ನೋಡ್ತೀಯ?” ಎಂದೆ.

“ನನ್ನ ಮೇಕೆ ಅಂತೀರಲ್ಲಮ್ಮ” ಎಂದಳು. “ಹಗ್ಗ ಬಿಚ್ಚಿ ಕೈಗೆ ಕೊಟ್ಟು ಕಳಿಸಿದ್ರಲ್ಲ.”

ನನಗೆ ಮೊದಲು ತಿಳಿಯಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಅವಳ ದನಿಯಲ್ಲಿ ದೂರು ಇರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. ಅವತ್ತು ಶಾಲೆಗೆ ನಮ್ಮ ಬೀದಿಯಿಂದ ಅನ್ನ ಸಾಂಬಾರು ಹೋಗಿತ್ತು, ಸೀರೆ ಪಂಚೆ ಹೋಗಿತ್ತು. ಅದಕ್ಕೆ ಬದಲು ಪ್ರಾಣಿಗಳನ್ನು ನಾವು ಇಟ್ಟುಕೊಂಡೆವು ಎಂದು ಅವರೆಲ್ಲ ತಿಳಿದಿದ್ದರು. ದನ ಕೊಡುವ ನಮ್ಮ ಪದ್ಧತಿ ಅವರಿಗೂ ಗೊತ್ತು. ಹಗ್ಗ ಬದಲಾಗಿದೆ, ಹಳೆಯದು ಎರಡು ಕೈಯಲ್ಲಿ ವಾಪಸ್ ಬಂದಿದೆ. ಇನ್ನು ಬಾಯಿ ಬಿಟ್ಟು ಹೇಳುವುದೇನು? ಮೇಡಿನವರು ಹಾಗೆ ಮಾಡಿದ ಮೇಲೆ ಹೊಳೆದಂಡೆಯವರು ಕೇಳುತ್ತಾರೆಯೇ? ಮನೆಯಿಲ್ಲ, ಕಟ್ಟಲು ಜಾಗವಿಲ್ಲ, ಎಲ್ಲಾದರೂ ಬದುಕಿಕೊಳ್ಳಲಿ ಎಂದು ಸುಮ್ಮನಿದ್ದರು. ಕೊಟ್ಟ ಪ್ರಾಣಿಯ ಕಣ್ಣಿಗೆ ಹಳೆಯ ಒಡೆಯ ಬೀಳಬಾರದು, ಬಿದ್ದರೆ ಅದು ಹೊಸ ಮನೆಗೆ ಒಗ್ಗುವುದಿಲ್ಲ. ಅದಕ್ಕೇ ಯಾರೂ ಈ ಕಡೆ ಬಂದಿರಲಿಲ್ಲ.

ನಾನು ಅವಳ ಕೈ ಹಿಡಿದು ಒಳಗೆ ಕರೆತಂದು ಮೇಕೆಯ ಮುಂದೆ ಕೂರಿಸಿದೆ. ಮೇಕೆ ಅವಳ ಸೆರಗು ಜಗಿಯಿತು. ಅವಳು ಅತ್ತಳು. ಅಳುತ್ತಲೇ ಮರಿಗಳು ಹೆಣ್ಣೋ ಗಂಡೋ ನೋಡಿದಳು. ಆಗ ನಾಯಿಯ ಯಜಮಾನರು ಎಲ್ಲಿ ಎಂದು ಕೇಳಿದೆ. ಹೆಂಡತಿಯನ್ನು ಹುಡುಕುವುದು ನಿಂತ ಮೇಲೆ ಅವರು ಮಗಳ ಮನೆಗೆ ಹೋದರು, ದಿಂಡುಗಲ್ಲಿನ ಹತ್ತಿರದ ಚಿನ್ನಾಳಪಟ್ಟಿಗೆ, ಮಗಳನ್ನು ನೇಯುವವರ ಮನೆಗೆ ಕೊಟ್ಟಿದ್ದಾರೆ ಎಂದಳು. ಅವರ ಫೋನು ಹೊಳೆಗೆ ಹೋಗಿತ್ತು. ಮಗಳ ನಂಬರು ಯಾರ ಹತ್ತಿರವೂ ಇರಲಿಲ್ಲ.

ಅಕ್ಕ ಬಂದಾಗ ಎಲ್ಲ ಹೇಳಿದೆ. ಕಂಕುಳಲ್ಲಿದ್ದ ಸೊಪ್ಪಿನ ಹೊರೆ ಇಳಿಸದೆ ನಿಂತು ಕೇಳಿದಳು. ಅವಳ ಬಾಯಲ್ಲಿ ಮಾತಿಲ್ಲದ್ದನ್ನು ನಾನು ಕಂಡದ್ದು ಅವಳ ಗಂಡ ತೀರಿಕೊಂಡ ದಿನ, ಆಮೇಲೆ ಅವತ್ತು. ಹೊರೆ ಕೆಳಗಿಟ್ಟು, “ನಾನು ಹೇಗೆ ಹೋಗಿ ಹೇಳಲಿ? ಕೊಟ್ಟ ಕೈ ಇದೇ. ನಂಬ್ತಾರಾ?” ಎಂದಳು.

ಹಾಗಾಗಿ ಶಾಲೆಗೆ ನಾನು ಹೋದೆ. ಜಗಲಿಯ ಮೇಲೆ ಹೆಂಗಸರು ಅಕ್ಕಿ ಆರಿಸುತ್ತಿದ್ದರು, ಗಂಡಸರು ಬೀಡಿ ಸೇದುತ್ತಿದ್ದರು. ಎಲ್ಲರೂ ಎದ್ದು ನಿಂತರು. ನಾನು ಕಂಬ ಹಿಡಿದುಕೊಂಡು ತಮಿಳಿನಲ್ಲಿ ಹೇಳಿದೆ. ಎಲ್ಲ ನಿಮ್ಮವೇ, ಹಗ್ಗ ಒದ್ದೆಯಾಗಿ ಕೊರಳು ಕೊಯ್ಯುತ್ತಿತ್ತು, ಅದಕ್ಕೇ ಬದಲಿಸಿದ್ದು, ನಮ್ಮ ಮನೆಯ ಪದ್ಧತಿ ಅಡ್ಡ ಬಂತು, ಬನ್ನಿ, ನೋಡಿ, ಬೇಕಾದಾಗ ಕರೆದುಕೊಂಡು ಹೋಗಿ. ಅಷ್ಟೇ. ಮೇಕೆ ಕಳೆದುಕೊಂಡವರು ನೆಲ ನೋಡುತ್ತಿದ್ದರು. ತಮ್ಮದೇ ಎಂದು ಗೊತ್ತಿದ್ದರೆ ಅದು ಸಾಯುವಾಗ ಅವರು ಪಕ್ಕದಲ್ಲಿರುತ್ತಿದ್ದರು. ಆಮೇಲೆ ಹಿಂದಿನಿಂದ ಒಬ್ಬ, “ನನ್ನ ಟರ್ಕಿ ದೀಪಾವಳಿಗೆ ಮೇಡಿನವರ ಹೊಟ್ಟೆಗೆ ಹೋಗಿರುತ್ತೆ ಅಂತ ಅತ್ತು ಮುಗಿಸಿಬಿಟ್ಟಿದ್ದೆ ಅಮ್ಮ. ಇನ್ನೂ ಇದೆಯಾ?” ಎಂದ. ಮೇಡಿನವರು ಕೋಳಿ ತಿನ್ನುವವರಲ್ಲ ಎಂದು ಅವನ ಹೆಂಡತಿ ಅವನ ಬೆನ್ನಿಗೆ ಗುದ್ದಿದಳು. ಅಲ್ಲಿಗೆ ಜನ ಸಡಿಲವಾದರು.

ನಾಯಿ ಆಗ ಎದ್ದು ನಿಲ್ಲುವುದನ್ನೂ ಬಿಟ್ಟಿತ್ತು. ದಿಂಡುಗಲ್ಲಿನಲ್ಲಿ ನಿನ್ನ ಮಗ ಇದ್ದಾನಲ್ಲ, ಅವನೇ ಹೋಗಿ ಆತನಿಗೆ ಹೇಳಲಿ ಎಂದಳು ಅಕ್ಕ. ನನಗೆ ಒಪ್ಪಿಗೆಯಾಗಲಿಲ್ಲ. ಹೆಂಡತಿ ಹೋದ ಮನುಷ್ಯನಿಗೆ, ಹೋದದ್ದೇನೋ ಹೋಯಿತು, ನಿಮ್ಮ ನಾಯಿ ಊಟ ಬಿಟ್ಟಿದೆ ಬನ್ನಿ ಎಂದು ಬೇರೆಯವರ ಬಾಯಲ್ಲಿ ಹೇಳಿಸುವುದು ಹೇಗೆ? ಮಾರನೆಯ ಬೆಳಗ್ಗೆ ಟೌನ್ ಬಸ್ಸು ಹತ್ತಿದೆ. ಒಬ್ಬಳೇ ಅಷ್ಟು ದೂರ ಹೋದದ್ದು ಅದೇ ಮೊದಲು. ತೇನಿಯಲ್ಲಿ ಬಸ್ಸು ಬದಲಿಸಬೇಕಿತ್ತು. ದಿಂಡುಗಲ್ಲು ಬಸ್ಸು ಯಾವುದೆಂದು ಕೇಳಲು ನಾಚಿ, ಬೋರ್ಡುಗಳನ್ನು ಓದುತ್ತ ನಿಂತು, ಕಣ್ಣೆದುರಿಗೇ ಒಂದನ್ನು ತಪ್ಪಿಸಿಕೊಂಡೆ. ನೀವು ಅವತ್ತು ಶಾಲೆಗೆ ಹೋಗಿದ್ದಿರಿ. ನಿಮ್ಮ ಅಪ್ಪ ಅಕ್ಕಿ ಅಂಗಡಿಯನ್ನು ಅರ್ಧ ಬಾಗಿಲು ಹಾಕಿ ಬಂದು ನನ್ನನ್ನು ಮೋಟಾರು ಬಂಡಿಯ ಹಿಂದೆ ಕೂರಿಸಿಕೊಂಡು ಚಿನ್ನಾಳಪಟ್ಟಿಗೆ ಹೋದ. ನಾಯಿಗಾಗಿ ಬಂದೆಯಾ ಅಮ್ಮ ಎಂದು ದಾರಿಯುದ್ದಕ್ಕೂ ಕೇಳಿದ. ಹೌದು ಎಂದೆ.

ಮಗ್ಗದ ಸದ್ದು ಕೇಳುವ ಬೀದಿಗಳು. ಬೀದಿಯ ಉದ್ದಕ್ಕೂ ಬಣ್ಣದ ನೂಲು ಎಳೆದು ಕಟ್ಟಿದ್ದರು. ತೋಟದ ಕಾವಲಿನಿಂದ ಬಂದವರು, ಹೊಳೆಯಿಂದ ತಪ್ಪಿಸಿಕೊಂಡು ಬಂದವರು ಎಂದು ಕೇಳಿ ಮನೆ ಹಿಡಿದೆವು. ಒಂದೇ ಕೋಣೆ, ಅದರ ತುಂಬ ಮಗ್ಗ. ಮಗಳು ನೇಯುತ್ತಿದ್ದಳು. ಆತ ಮೂಲೆಯಲ್ಲಿ ಕೂತು ನೂಲನ್ನು ಲಾಳಿಯ ಕಂಡಿಕೆಗೆ ಸುತ್ತುತ್ತಿದ್ದರು. ಕೈ ಪಳಗಿರಲಿಲ್ಲ, ನೂಲು ಕಿತ್ತು ಕಿತ್ತು ಹೋಗುತ್ತಿತ್ತು. ನನ್ನನ್ನು ಕಂಡು ಎದ್ದರು. ಹೆಂಡತಿಯ ಸುದ್ದಿ ತಂದಿದ್ದೇನೆ ಎಂದುಕೊಂಡರು. ಅದು ಅವರ ಮುಖದಲ್ಲಿ ಕಂಡಿತು. ನಾನು ಇಲ್ಲ ಎಂದು ಕೈಯಾಡಿಸಿದೆ. ಹಾಗೆ ಕೈಯಾಡಿಸಬಾರದಿತ್ತು ಎಂದು ಇವತ್ತಿಗೂ ಅನಿಸುತ್ತದೆ.

ನಾಯಿಯ ವಿಷಯ ಹೇಳಿದೆ. ಹಗ್ಗದ ವಿಷಯವನ್ನೂ ಹೇಳಿದೆ. ಅದು ನಿಮ್ಮದೇ ಅಣ್ಣ, ನಾವು ಇಟ್ಟುಕೊಂಡಿರಲಿಲ್ಲ ಎಂದೆ.

ಅವರು ತಲೆ ಎತ್ತಲಿಲ್ಲ. “ಹಗ್ಗ ಕೈಗೆ ಬಂದಾಗ ನನಗೆ ಹಗುರ ಆಯ್ತು ತಾಯಿ” ಎಂದರು. “ಇನ್ನು ಅದರ ಮುಖ ನೋಡಬೇಕಿಲ್ಲ ಅಂತ.”

ಆಮೇಲೆ ಸ್ವಲ್ಪ ಸ್ವಲ್ಪವಾಗಿ ಹೇಳಿದರು. ಬೆಳಗಿನ ಜಾವ ನೀರು ಗುಡಿಸಲೊಳಗೆ ನುಗ್ಗಿದಾಗ ಇಬ್ಬರೂ ತೋಟದ ಮೋಟಾರು ಕೋಣೆಯ ಮೇಲೆ ಹತ್ತಿದ್ದರಂತೆ. ನಾಯಿ ಕೆಳಗೆ ಮರಕ್ಕೆ ಕಟ್ಟಿದ್ದು ಹಾಗೇ ಇತ್ತು. ನೀರು ಅದರ ಕೊರಳಿಗೆ ಬಂದಿತ್ತು. ಇವರು ಬೇಡ ಎಂದರೂ ಆಕೆ ಇಳಿದರು. ಬಿಚ್ಚಿದರು. ನಾಯಿ ಈಜಿ ದಡಕ್ಕೆ ಹೋಯಿತು. ಆಕೆ ಮರವನ್ನು ಹಿಡಿದುಕೊಂಡಿದ್ದರು, ಇವರು ಪಂಚೆ ಇಳಿಬಿಟ್ಟಿದ್ದರು, ಅಷ್ಟರಲ್ಲಿ ಮೇಲಿನಿಂದ ಬಾಳೆಗಿಡಗಳ ದೊಡ್ಡ ರಾಶಿ ತೇಲಿ ಬಂತು.

ಮಗ್ಗ ನಿಂತಿತ್ತು. ಮಗಳಿಗೂ ಇದು ಪೂರ್ತಿ ಗೊತ್ತಿರಲಿಲ್ಲ ಎಂದು ಕಾಣುತ್ತದೆ.

ಅದು ಆಕೆಯ ನಾಯಿ, ತನ್ನ ಕೈಯಲ್ಲಿ ಎಂದೂ ತಿಂದದ್ದಲ್ಲ, ತಾನು ಬಂದರೂ ತಿನ್ನುತ್ತದೆಂದು ಹೇಗೆ ಹೇಳಲಿ ಎಂದರು. ಬಾ ಎಂದು ಒತ್ತಾಯ ಮಾಡಲು ನಾನು ಯಾರು? ನಿಮ್ಮ ಅಪ್ಪ ಹೋಗೋಣ ಎಂದು ಕಣ್ಣಲ್ಲೇ ಕೇಳಿದ. ಆಗ ಮಗಳು ಮಗ್ಗದಿಂದ ಇಳಿದು ಬಂದು, ಗೂಟದ ಮೇಲಿದ್ದ ಅಂಗಿ ತೆಗೆದು ತಂದೆಯ ತೊಡೆಯ ಮೇಲೆ ಇಟ್ಟಳು. “ಅಮ್ಮ ಅಷ್ಟು ಮಾಡಿದ್ದಾಳೆ. ಹೋಗಿ ಬಾಪ್ಪ” ಎಂದಳು.

ಬಸ್ಸಿನಲ್ಲಿ ಅವರು ಮುಂದೆ ಕೂತರು, ನಾನು ಹಿಂದೆ. ಊರು ಸೇರುವಾಗ ದೀಪ ಹಚ್ಚುವ ಹೊತ್ತು. ಕೊಟ್ಟಿಗೆಯಲ್ಲಿ ಅಕ್ಕ ನಾಯಿಯ ತಲೆಯ ಕೆಳಗೆ ಗೋಣಿ ಮಡಿಸಿ ಇಟ್ಟಿದ್ದಳು. ಅವರನ್ನು ಕಂಡು ನಾಯಿ ಬಾಲದ ತುದಿ ಆಡಿಸಿತು. ಆದರೆ ಕಣ್ಣು ಅವರ ಬೆನ್ನ ಹಿಂದೆ ಹೋಯಿತು, ಇನ್ನೂ ಯಾರೋ ಬರಬೇಕು ಎನ್ನುವ ಹಾಗೆ. ಅವರು ಅನ್ನದ ತಟ್ಟೆ ಮುಂದಿಟ್ಟರು. ಅದು ತಿನ್ನಲಿಲ್ಲ. ಕೈಯಲ್ಲಿ ತೆಗೆದು ಬಾಯಿಗೆ ಹಿಡಿದರು. ಬಾಯಿ ಬಿಡಲಿಲ್ಲ. ನೋಡಿದಿರಾ ಎಂಬಂತೆ ನನ್ನ ಕಡೆ ತಿರುಗಿದರು.

ನನಗೆ ಕೇಳಬಾರದೆನಿಸಿತು, ಆದರೂ ಕೇಳಿದೆ. ಆಕೆ ಹೇಗೆ ಹಾಕುತ್ತಿದ್ದರು?

ಅವರು ನೆಲದ ಮೇಲೆ ಮಂಡಿ ಮಡಿಸಿ, ಹೆಂಗಸರು ಕೂರುವ ಹಾಗೆ ಕೂತರು. ತಟ್ಟೆಯನ್ನು ನೆಲಕ್ಕೆ ಬಡಿದರು. ಗಂಟಲು ಸಣ್ಣ ಮಾಡಿಕೊಂಡು, “ಏನಡೀ ಮಹಾರಾಣಿ” ಎಂದರು. ದನಿ ಒಡೆಯಿತು. ಮತ್ತೆ ಹಿಡಿದರು. “ಎಲೆ ಹಾಕಿ, ವಿಳ್ಯ ಇಟ್ಟು ಕರೀಬೇಕೇನೇ ನಿನ್ನ? ಆ ಮುದುಕ ಕಾದಿದ್ದಾನೆ, ಅವನಿಗೆ ಹಾಕಿಬಿಡ್ತೀನಿ ನೋಡು. ಬರ್ತೀಯೋ ಇಲ್ವೋ?”

ನಾಯಿ ತಲೆ ಎತ್ತಿತು. ಎರಡು ಕಿವಿಯನ್ನೂ ಅವರ ಕಡೆ ತಿರುಗಿಸಿತು. ಅವರು ಬೈಯುತ್ತಲೇ ಹೋದರು, ಎರಡು ಹೆಂಗಸರ ಎದುರಿಗೆ, ಹೆಂಡತಿಯ ದನಿಯಲ್ಲಿ, ತಮ್ಮನ್ನೇ ಮುದುಕ ಮುದುಕ ಎಂದು ಹಳಿದುಕೊಳ್ಳುತ್ತ. ಅಕ್ಕ ಗೋಡೆಯ ಕಡೆ ಮುಖ ಮಾಡಿದಳು. ನಾಯಿ ತೆವಳಿಕೊಂಡು ಮುಂದೆ ಬಂದು ಅವರ ಬೆರಳಿನ ಅನ್ನ ನೆಕ್ಕಿತು. ಇನ್ನೊಂದು ತುತ್ತು ತಿಂದಿತು. ಇನ್ನೂ ಒಂದಿಷ್ಟು. ನೀರು ಕುಡಿಯಿತು.

ನಮಗೆ ಎಷ್ಟು ಸಂತೋಷವಾಯಿತೆಂದರೆ, ಅಕ್ಕ ಆಗಲೇ ನಾಳೆಯ ಮಾತು ಶುರುಮಾಡಿದಳು. ನಾಳೆ ಹಾಲು ಕೊಡಬೇಕು, ಹಿತ್ತಲಲ್ಲಿ ಮೊಟ್ಟೆ ಬೇಯಿಸಬೇಕು, ಡಾಕ್ಟರಮ್ಮನಿಗೆ ಹೇಳಬೇಕು ಎಂದಳು. ಅವರಿಗೆ ಒಳಗೆ ಹಾಸಿಗೆ ಹಾಕುತ್ತೇವೆ ಎಂದರೆ ಬೇಡವೆಂದರು. ಕೊಟ್ಟಿಗೆಯಲ್ಲೇ ಗೋಡೆಗೆ ಒರಗಿ ಕೂತರು.

ಬೆಳಗ್ಗೆ ನಾನು ಹಾಲು ಕಾಸಿ ತೆಗೆದುಕೊಂಡು ಹೋದೆ. ಅವರು ಹಾಗೇ ಕೂತಿದ್ದರು. ನಾಯಿಯ ತಲೆ ಅವರ ತೊಡೆಯ ಮೇಲಿತ್ತು. ನೋಡಿದ ಕೂಡಲೇ ನನಗೆ ತಿಳಿಯಿತು. ಮೈ ಆಗಲೇ ಸೆಟೆದಿತ್ತು. ಅವರು ನನ್ನ ಕೈಯಲ್ಲಿದ್ದ ಬಟ್ಟಲು ನೋಡಿ, ಅಲ್ಲಿಡು ತಾಯಿ, ಬೆಕ್ಕು ಕುಡಿಯಲಿ ಎಂದರು.

ಗುಂಡಿ ತೋಡಲು ನಮ್ಮ ಆಳನ್ನು ಕಳಿಸುತ್ತೇನೆ ಎಂದಳು ಅಕ್ಕ. ಅವರು ಒಪ್ಪಲಿಲ್ಲ. ಗುದ್ದಲಿ ಕೇಳಿ ತೆಗೆದುಕೊಂಡರು. ನಾಯಿಯನ್ನು ಹೆಗಲ ಮೇಲೆ ಹಾಕಿಕೊಂಡು ತೋಟಕ್ಕೆ ನಡೆದರು. ನಾನು ಹಿಂದೆ ಹೋದೆ. ಹೋಗೆಂದು ಅಕ್ಕ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಗುಡಿಸಲಿದ್ದ ಜಾಗದಲ್ಲಿ ಒಲೆಯ ಕಲ್ಲು ಬಿಟ್ಟರೆ ಏನೂ ಇರಲಿಲ್ಲ. ಹೊಳೆ ತಂದು ಹಾಕಿದ ವಂಡು ಮಣ್ಣು ಮೊಣಕಾಲೆತ್ತರ ಹಾಸಿತ್ತು. ಮೇಲೆ ಬಿರಿದಿತ್ತು, ಕೆಳಗೆ ಇನ್ನೂ ಹಸಿ. ಅವರು ತೋಡಿದಂತೆಲ್ಲ ಬದಿಯಿಂದ ಜಾರಿ ಗುಂಡಿ ತುಂಬಿಕೊಳ್ಳುತ್ತಿತ್ತು. ಕೊನೆಗೆ ಗುದ್ದಲಿ ಎಸೆದು ಕೈಯಲ್ಲೇ ಬಾಚಿದರು. ನಾನೂ ಕೂತು ಬಾಚಿದೆ. ಹೊಳೆ ಆಗ ಚಿಕ್ಕದಾಗಿ, ತಿಳಿ ನೀರಾಗಿ, ಹತ್ತಿರದಲ್ಲೇ ಹರಿಯುತ್ತಿತ್ತು.

ನಾಯಿಯನ್ನು ಇಳಿಸಿ, ಮಣ್ಣು ಮುಚ್ಚಿ, ಅಂಗೈಯಿಂದ ತಟ್ಟಿ ಸಮ ಮಾಡಿದರು. ಬಹಳ ಹೊತ್ತು ತಟ್ಟಿದರು. ಆಮೇಲೆ, ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ, “ಅವಳು ಸಿಗಲಿಲ್ಲ. ಇದಾದರೂ ಕೈಗೆ ಸಿಕ್ಕಿತು” ಎಂದರು. ಹೇಳಿದ ಮೇಲೆ ಅತ್ತರು. ಹೊಳೆ ಬಂದ ದಿನದಿಂದ ಅವರು ಅತ್ತದ್ದನ್ನು ಯಾರೂ ನೋಡಿರಲಿಲ್ಲ. ನಾನು ಸ್ವಲ್ಪ ದೂರ ಹೋಗಿ ತೆಂಗಿನ ಮರದ ಮರೆಗೆ ನಿಂತೆ.

ನಾವು ಹಿಂದಿರುಗಿ ಬಂದಾಗ ಅಕ್ಕ ಗೇಟಿನ ಹೊರಗೆ ನಿಂತಿದ್ದಳು. ಪಕ್ಕದಲ್ಲಿ ತುಂಬಿದ ಹಿತ್ತಾಳೆ ಕೊಡ, ಚೊಂಬು. ಮಸಣದಿಂದ ಬಂದವರು ಒಳಗೆ ಕಾಲಿಡುವ ಮುಂಚೆ ಕೈಕಾಲು ತೊಳೆಯಲೆಂದು ನಮ್ಮ ಮನೆಗಳಲ್ಲಿ ಇಡುತ್ತಾರಲ್ಲ, ಹಾಗೆ. ನಾಯಿ ಸತ್ತರೆ ಹೀಗೆ ನೀರಿಡುವುದು ಅವಳು ಕಲಿತ ಯಾವ ಪದ್ಧತಿಯಲ್ಲೂ ಇಲ್ಲ. ಬೀದಿಯವರು ನೋಡುತ್ತಿದ್ದರು, ಅವಳು ಯಾರ ಮುಖವನ್ನೂ ನೋಡಲಿಲ್ಲ. ನಾಯಿಯ ಯಜಮಾನರು ನಿಂತಲ್ಲೇ ನಿಂತರು. ಆಮೇಲೆ ಮುಂದೆ ಬಂದು ಬಗ್ಗಿ ಎರಡು ಕೈ ಒಡ್ಡಿದರು. ಅಕ್ಕ ಚೊಂಬಿನಿಂದ ನೀರು ಹೊಯ್ದಳು, ಕೊಡ ಅರ್ಧವಾಗುವವರೆಗೂ ಹೊಯ್ದಳು. ಉಗುರಿನೊಳಗಿನ ವಂಡು ಹೋಗಲಿಲ್ಲ. ಅವಳು ಇನ್ನೊಂದು ಚೊಂಬು ತುಂಬಿದಳು.

“ಸಾಕು, ಇರಲಿ ಬಿಡು ತಾಯಿ” ಎಂದರು. ಅಂಗಿಗೆ ಕೈ ಒರಸಿಕೊಂಡು ಬಸ್ಸಿನ ಕಡೆ ನಡೆದರು.